ಎರಡನೆಯ ಬಾಟಲಿ ಏಕೆ ಬೇಕು

ಮಾಯದ ಹುಣ್ಣಿನಿಂದ ಚರ್ಮದ ತುಣುಕು ತೆಗೆದು ಪರೀಕ್ಷೆಗೆ ಕಳಿಸುವಾಗ ರೋಗಿಯ ಮನೆಯವರ ಕೈಗೆ ಎರಡು ಬಾಟಲಿ ಕೊಡುತ್ತೇನೆ. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್, ಅಂದರೆ ಶುದ್ಧ ಉಪ್ಪುನೀರು. ಲ್ಯಾಬ್ ತಲುಪುವಷ್ಟರಲ್ಲಿ ಎಷ್ಟೋ ಸಲ ಎರಡನೆಯದು ಕಾಣೆಯಾಗಿರುತ್ತದೆ. "ಒಂದೇ ಗಾಯಕ್ಕೆ ಎರಡೆರಡು ಪರೀಕ್ಷೆ ಯಾಕೆ ಸಾರ್, ಖರ್ಚು ಬೇರೆ" ಎನ್ನುತ್ತಾರೆ. ಇಲ್ಲವೇ ಎರಡು ತುಣುಕನ್ನೂ ಫಾರ್ಮಲಿನ್‌ಗೇ ಹಾಕಿಬಿಟ್ಟಿರುತ್ತಾರೆ. ಖರ್ಚಿನ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಹೀಗೆ ಉಳಿಸಿದ ಹಣಕ್ಕಿಂತ ಹೆಚ್ಚು ಆಮೇಲೆ ತಪ್ಪು ಔಷಧಿಗೆ ಸುರಿಯುವುದನ್ನು ನೋಡಿ ನೋಡಿ ಸಾಕಾಗಿದೆ.

ಫಾರ್ಮಲಿನ್ ತುಣುಕನ್ನು ಕೊಳೆಯದಂತೆ ಕಾಯುತ್ತದೆ. ಅದರ ಜೊತೆಗೇ ಒಳಗಿರುವ ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲವನ್ನೂ ಕೊಲ್ಲುತ್ತದೆ. ಬೇಯಿಸಿದ ಕಾಳನ್ನು ಬಿತ್ತಿದರೆ ಮೊಳೆತೀತೇ? ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಫಾರ್ಮಲಿನ್ ತುಣುಕೇ ಸರಿ. ಕಲ್ಚರ್ ಮಾಡಿ ರೋಗಾಣುವನ್ನು ಬೆಳೆಸುವವರಿಗೆ ಮಾತ್ರ ಜೀವವಿರುವ ತುಣುಕು ಬೇಕು, ಅದಕ್ಕೇ ಸಲೈನ್ ಬಾಟಲಿ. ಸೂಕ್ಷ್ಮದರ್ಶಕ ಅನೇಕ ಸಲ "ಗ್ರ್ಯಾನ್ಯುಲೋಮಾ ಇದೆ", ಅಂದರೆ ರಕ್ಷಣಾ ಕೋಶಗಳು ಗುಂಪುಗಟ್ಟಿವೆ, ಎಂದಷ್ಟೇ ಹೇಳಿ ನಿಲ್ಲುತ್ತದೆ. ಕ್ಷಯದಲ್ಲೂ ಅದೇ, ಶಿಲೀಂಧ್ರದಲ್ಲೂ ಅದೇ.

ಮೂಡಿಗೆರೆ ಕಡೆಯ ತೋಟದಲ್ಲಿ ಮರಗಸಿ (ಮರದ ಕೊಂಬೆ ಸವರುವ ಕೆಲಸ) ಮಾಡುವವರೊಬ್ಬರಿಗೆ ಬೆರಳಿಗೆ ಮುಳ್ಳು ಚುಚ್ಚಿದ ಜಾಗದಲ್ಲಿ ಗಂಟೆದ್ದಿತ್ತು. ಆಮೇಲೆ ಮುಂಗೈಯುದ್ದಕ್ಕೂ ಸಾಲಾಗಿ ಗಂಟುಗಳು ಹತ್ತಿದವು. ಸ್ಪೋರೋಟ್ರೈಕೋಸಿಸ್ ಎಂಬ ಶಿಲೀಂಧ್ರ ಸೋಂಕು ಹೀಗೆಯೇ ದುಗ್ಧರಸ (ಲಿಂಫ್) ನಾಳದ ಗುಂಟ ಏರುತ್ತದೆ. ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ, ಕ್ಷಯದ ರೋಗಾಣುವಿನ ಕುಲದ ಕೆಲವು ಮೈಕೋಬ್ಯಾಕ್ಟೀರಿಯಾ ಕೂಡ ಹಾಗೆಯೇ ಏರಬಲ್ಲವು. ವರದಿಯಲ್ಲಿ ಗ್ರ್ಯಾನ್ಯುಲೋಮಾ ಎಂದಿದ್ದುದನ್ನು ಕಂಡು ಮನೆಯವರು ಟಿಬಿ ಮಾತ್ರೆ ಶುರು ಮಾಡಿ ಎಂದು ಪಟ್ಟು ಹಿಡಿದರು. ಕಲ್ಚರ್ ಬರಲಿ ಎಂದು ತಡೆದೆ. ಎರಡನೆಯ ವಾರದಲ್ಲಿ ಸ್ಪೋರೋಟ್ರೈಕೋಸಿಸ್ ತರುವ ಸ್ಪೋರೋಥ್ರಿಕ್ಸ್ ಶಿಲೀಂಧ್ರ ಬೆಳೆಯಿತು. ಇಟ್ರಾಕೊನಜೋಲ್ ಎಂಬ ಶಿಲೀಂಧ್ರ ನಿರೋಧಕ ಕೊಟ್ಟೆ. ಕ್ಯಾಪ್ಸೂಲನ್ನು ಊಟದ ಜೊತೆ ನುಂಗಿ, ಅಸಿಡಿಟಿ ಮಾತ್ರೆಯೊಂದಿಗೆ ಬೇಡ, ಹೀರಿಕೆ ಕುಗ್ಗುತ್ತದೆ ಎಂದಿದ್ದೆ. ಆ ಮನುಷ್ಯ ಒಂದು ದಿನವೂ ತಪ್ಪಿಸಲಿಲ್ಲ. ಅಂಥವರನ್ನು ಕಂಡರೆ ನನಗೆ ಬಹಳ ಪ್ರೀತಿ.

ಪಾದದ ಮೈಸಿಟೋಮಾ ಎಂಬ ದೀರ್ಘಕಾಲದ ಸೋಂಕಿನಲ್ಲಿ ತಪ್ಪಿಗೆ ತೆರುವ ಬೆಲೆ ಇನ್ನೂ ದೊಡ್ಡದು. 1842ರಲ್ಲಿ ತಮಿಳುನಾಡಿನ ಮಧುರೆಯಲ್ಲಿ ವರದಿಯಾದ ಕಾಯಿಲೆ ಇದು. ಊದಿದ ಪಾದ, ಕೀವು ಸುರಿಯುವ ರಂಧ್ರಗಳು, ಅದರೊಡನೆ ಹೊರಬೀಳುವ ಸಣ್ಣ ಕಾಳುಗಳು. ಕಾರಣ ಶಿಲೀಂಧ್ರವಾದರೆ ತಿಂಗಳುಗಟ್ಟಲೆ ಶಿಲೀಂಧ್ರ ನಿರೋಧಕ, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೂ ಬೇಕು. ಬ್ಯಾಕ್ಟೀರಿಯಾ ಆದರೆ ಸಾಮಾನ್ಯವಾಗಿ ಆ್ಯಂಟಿಬಯಾಟಿಕ್‌ಗೇ ಇಳಿಯುತ್ತದೆ. ಕಪ್ಪು ಕಾಳು ಬಹುಮಟ್ಟಿಗೆ ಶಿಲೀಂಧ್ರದ ಗುರುತು. ಬಿಳಿ ಕಾಳು ಎರಡೂ ಆಗಬಹುದು. ಬರಿಗಣ್ಣಿನಲ್ಲಿ ನೋಡಿ ನಾನು ತೀರ್ಪು ಕೊಡಲಾರೆ.

ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಸೋಂಕೇ ಇಲ್ಲವೆಂದು ತಿಳಿಯಬೇಡಿ. ಮೊದಲೇ ಔಷಧಿ ಅಂಗಡಿಯಿಂದ ಮಾತ್ರೆ ನುಂಗಿ ಬಂದವರಲ್ಲಿ ಬೆಳೆಯುವುದು ಕಷ್ಟ. ಏನು ನುಂಗಿದ್ದೀರಿ, ಏನು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ, ನಾನು ಬೈಯುವುದಿಲ್ಲ. ಸಲೈನ್ ಬಾಟಲಿ ಅದೇ ದಿನ ಲ್ಯಾಬ್ ಸೇರಬೇಕು. ಅಲ್ಲಿ ಯಾರಾದರೂ ಅದಕ್ಕೆ ಫಾರ್ಮಲಿನ್ ಸುರಿಯಲು ಬಂದರೆ ಕೈ ಅಡ್ಡ ಹಿಡಿದು, ಇದು ಕಲ್ಚರ್‌ಗೆ ಎಂದು ಹೇಳಿ.