‘ಆದರೂ’ ಪದದೊಳಗಿನ ಹಲ್ಲಿ

ನಮ್ಮ ‘ಆದರೂ’ ಮಾಡುವ ಕೆಲಸವನ್ನು ಚೀನೀ ಭಾಷೆಯಲ್ಲಿ ಮಾಡುವ ಅಕ್ಷರವೊಂದಿದೆ, ಹೆಸರು ‘ಸ್ವೇಯ್’. ಅದರ ಮೈಯಲ್ಲಿ ಹುಳುಹುಪ್ಪಟೆಯನ್ನು ಸೂಚಿಸುವ ಗುರುತು ಇವತ್ತಿಗೂ ಉಳಿದಿದೆ. ಕ್ರಿ.ಶ. 100ರ ಹೊತ್ತಿಗೆ ಅಕ್ಷರಗಳ ನಿಘಂಟೊಂದನ್ನು ಬರೆದು ಮುಗಿಸಿದ ಷು ಶೆನ್ ಎಂಬ ಪಂಡಿತ ಈ ಅಕ್ಷರಕ್ಕೆ ಕೊಟ್ಟ ಅರ್ಥ ಕೇಳಿ: ಹಲ್ಲಿಯಂತಿದ್ದು ಹಲ್ಲಿಗಿಂತ ದೊಡ್ಡದಾದ ಪ್ರಾಣಿ. ಉಡದಂಥದ್ದು ಏನೋ ಇರಬೇಕು ಎಂದು ನನ್ನ ಊಹೆ. ಮರವನ್ನು ಚಿತ್ರವಾಗಿ ಬರೆಯಬಹುದು, ಮಳೆಯನ್ನೂ ಬರೆಯಬಹುದು. ‘ಮಳೆ ಬಂದರೂ’ ಎನ್ನುವಾಗಿನ ಆ ‘ರೂ’ವನ್ನು ಯಾವ ಚಿತ್ರಕಾರ ಬರೆದಾನು? ಅದಕ್ಕೇ ಉಚ್ಚಾರದಲ್ಲಿ ಹತ್ತಿರವಿದ್ದ ಹಲ್ಲಿಯನ್ನು ಕಡ ತಂದರು. ಪ್ರಾಣಿಯನ್ನು ಜನ ಮರೆತರು, ಕಡ ಮಾತ್ರ ತೀರಲಿಲ್ಲ.

ಈ ಹಲ್ಲಿಯ ಸಂತತಿ ಈಗ ಇಂಗ್ಲಿಷ್ ಕಲಿಯುವ ಚೀನೀ ವಿದ್ಯಾರ್ಥಿಗಳ ಪುಸ್ತಕಗಳಲ್ಲಿ ಓಡಾಡುತ್ತಿದೆ. ‘ಸ್ವೇಯ್’ ಇಂದಿನ ಮಾತಿನಲ್ಲಿ ‘ಸ್ವೇಯ್‌ರಾನ್’ ಆಗಿ, ‘ಆದರೆ’ ಎಂಬರ್ಥದ ‘ದಾನ್‌ಶಿ’ಯ ಜೊತೆ ಜೋಡಿಯಾಗಿ ಬರುತ್ತದೆ. ಆ ಜೋಡಿಯನ್ನೇ ಇಂಗ್ಲಿಷಿಗೂ ತಂದು ‘ಆಲ್‌ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್ ಔಟ್’ ಎಂದು ಅವರು ಬರೆಯುತ್ತಾರೆ. ಮೇಷ್ಟರು ಕೆಂಪು ಶಾಯಿಯಲ್ಲಿ ಒಂದು ಪದವನ್ನು ಹೊಡೆದು ಹಾಕುತ್ತಾರೆ. ‘ಯಿನ್‌ವೇಯ್–ಸ್ವೋಯಿ’ (‘ಏಕೆಂದರೆ–ಆದ್ದರಿಂದ’) ಎಂಬ ಇನ್ನೊಂದು ಜೋಡಿಯಿಂದಾಗಿ ‘ಬಿಕಾಸ್’ ಇರುವ ವಾಕ್ಯದಲ್ಲೇ ‘ಸೋ’ ಕೂಡ ಬಂದು ಕೂರುತ್ತದೆ, ಅದಕ್ಕೂ ಅದೇ ಶಿಕ್ಷೆ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಸಿಟ್ಟು ಬರುವುದು ಇದರ ಜೊತೆಗೆ ಪುಕ್ಕಟೆಯಾಗಿ ಸಿಗುವ ವಿವರಣೆಯ ಮೇಲೆ: ಒಂದೇ ವಿರೋಧವನ್ನು ಎರಡು ಸಲ ಹೇಳುವುದು ತರ್ಕದೋಷವಂತೆ, ಇಂಗ್ಲಿಷ್ ತರ್ಕಬದ್ಧ ಭಾಷೆಯಂತೆ!

ತರ್ಕಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ‘ಅಣ್ಣ ಎತ್ತರ, ತಮ್ಮ ಕುಳ್ಳ’ ಎಂದಾಗ ಎರಡು ಸಂಗತಿಗಳು ಎದುರುಬದುರು ನಿಂತಿವೆ, ಅಷ್ಟೇ. ‘ಮಳೆ ಬಂದರೂ ಹೋದೆವು’ ಎಂದಾಗ ಹಾಗಲ್ಲ. ಅಲ್ಲಿ ಎರಡು ಸಂಗತಿಗಳ ನಡುವೆ ಬಾಯಿಬಿಡದ ಮೂರನೆಯದೊಂದು ಇದೆ: ಮಳೆ ಬಂದರೆ ಯಾರೂ ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆ. ಆಡುವವನು ಆ ನಂಬಿಕೆಯನ್ನು ಮೊದಲು ಒಪ್ಪಿಕೊಂಡು, ಆಮೇಲೆ ಮುರಿಯುತ್ತಾನೆ. ಕೊಟ್ಟ ಹಾಗೆ ಮಾಡಿ ಕಿತ್ತುಕೊಳ್ಳುವ ಆಟ ಇದು. ಈ ಆಟವನ್ನು ಎಲ್ಲ ಭಾಷೆಗಳೂ ಆಡುತ್ತವೆ. ಗುರುತನ್ನು ಎಲ್ಲಿ ಕಟ್ಟಬೇಕು ಎಂಬುದರಲ್ಲಿ ಮಾತ್ರ ಒಂದೊಂದರದು ಒಂದೊಂದು ದಾರಿ.

ಚೀನೀ ಭಾಷೆಯದು ಎರಡು ಕದದ ಬಾಗಿಲು. ‘ಸ್ವೇಯ್‌ರಾನ್’ ಎಂದು ಒಂದು ಕದ, ‘ದಾನ್‌ಶಿ’ ಎಂದು ಇನ್ನೊಂದು. ಅಥವಾ ನೊಗಕ್ಕೆ ಕಟ್ಟಿದ ಜೋಡೆತ್ತು ಎನ್ನಿ. ಅಥವಾ ಆವರಣ ಚಿಹ್ನೆ ಎನ್ನಿ. ತೆರೆದ ಮೇಲೆ ಮುಚ್ಚಲೇಬೇಕು. ಈ ಕೊನೆಯ ಹೋಲಿಕೆ ನನಗೆ ಹೆಚ್ಚು ಇಷ್ಟ. ಏಕೆಂದರೆ ‘ಸ್ವೇಯ್‌ರಾನ್’ ಕಿವಿಗೆ ಬಿದ್ದ ಕ್ಷಣವೇ ಕೇಳುಗ ‘ದಾನ್‌ಶಿ’ಗಾಗಿ ಕಾಯತೊಡಗುತ್ತಾನೆ. ಮೊದಲನೆಯದನ್ನು ಬಿಟ್ಟರೂ ವಾಕ್ಯ ನಡೆಯುತ್ತದೆ. ಎರಡನೆಯದನ್ನೋ ಅದರ ಬದಲಿ ಪದವನ್ನೋ ಬಿಟ್ಟರೆ ಕುಂಟುತ್ತದೆ. ಇಂಗ್ಲಿಷಿನದು ಒಂಟಿ ಕದ, ಒಂದೇ ಚಿಲಕ. ‘ಆಲ್‌ದೋ’ ಒಂದು ಉಪವಾಕ್ಯವನ್ನು ಇನ್ನೊಂದರ ಕೈಕೆಳಗೆ ಇಡುತ್ತದೆ. ‘ಬಟ್’ ಎರಡನ್ನೂ ಸರಿಸಮ ಕೂರಿಸುತ್ತದೆ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವನು ಅದೇ ಹೊತ್ತಿಗೆ ಬಡಿಸಲೂ ನಿಂತರೆ ಹೇಗೆ, ಹಾಗೆ. ನಾವು ಕನ್ನಡದವರು ಬಾಗಿಲನ್ನೇ ಇಡಲಿಲ್ಲ, ಕ್ರಿಯಾಪದದ ಸೆರಗಿಗೆ ಗಂಟು ಹಾಕಿಬಿಟ್ಟೆವು. ‘ಬಂದರೆ’ ಎಂಬುದಕ್ಕೆ ‘ಊ’ ಸೇರಿದರೆ ‘ಬಂದರೂ’. ಷರತ್ತಿನ ರೂಪಕ್ಕೆ ‘ಸಹ’ ಎಂಬರ್ಥದ ಒಂದು ಸ್ವರ, ಅಷ್ಟೇ. ಸಂಸ್ಕೃತದ ‘ಯದ್ಯಪಿ’ ಬಿಡಿಸಿ ನೋಡಿ, ‘ಯದಿ’ ಮತ್ತು ‘ಅಪಿ’. ಅದೇ ಷರತ್ತು, ಅದೇ ‘ಸಹ’. ‘ಒಂದು ವೇಳೆ ಆದರೂ’ ಎಂಬರ್ಥದ ಚೀನೀಯರ ‘ಜೀಶಿ–ಯೆ’ ಜೋಡಿಯಲ್ಲೂ ‘ಯೆ’ ಎಂದರೆ ‘ಸಹ’ವೇ. ಇಷ್ಟು ದೂರದೂರದ ಮನೆಗಳಲ್ಲಿ ಒಂದೇ ಸಾಮಾನು!

ಇನ್ನೂ ಚೆಂದದ್ದು ‘ಸ್ವೇಯ್‌ರಾನ್’ ಪದದ ಎರಡನೆಯ ಭಾಗ. ಹಳೆಯ ಚೀನೀ ಭಾಷೆಯಲ್ಲಿ ‘ರಾನ್’ ಎಂದರೆ ‘ಹಾಗೆ’. ಎರಡೂ ಸೇರಿದರೆ ಏನಾಯಿತು? ‘ಹಾಗಿದ್ದರೂ’! ಕನ್ನಡದ ಈ ಪದವನ್ನು ಬಿಚ್ಚಿದಂತೆಯೇ ಅದನ್ನೂ ಬಿಚ್ಚಬಹುದು. ಆ ಹಳೆಯ ಭಾಷೆಯಲ್ಲಿ ಅದು ಜೋಡಿಯ ಹಂಗಿಲ್ಲದೆ, ವಾಕ್ಯದ ಮೊದಲಿಗೆ ಒಂಟಿಯಾಗಿ ನಿಲ್ಲುತ್ತಿತ್ತು. ಚುವಾಂಗ್‌ತ್ಸು ಎಂಬ ಪ್ರಾಚೀನ ತತ್ತ್ವಜ್ಞಾನಿ ಹೇಳಿದ ಅಡುಗೆಯ ಡಿಂಗನ ಕತೆ ಚೀನೀಯರಿಗೆಲ್ಲ ಗೊತ್ತು. ಹತ್ತೊಂಬತ್ತು ವರ್ಷ ಎತ್ತುಗಳನ್ನು ಕೊಯ್ದರೂ ಅವನ ಕತ್ತಿ ಈಗಷ್ಟೇ ಸಾಣೆ ಹಿಡಿದಂತಿದೆ. ಎಲುಬಿಗೆ ತಾಗಿಸದೆ, ಕೀಲುಗಳ ನಡುವಿನ ಸಂದಿನಲ್ಲೇ ಅದನ್ನು ಆಡಿಸುತ್ತಾನೆ. ಇದನ್ನೆಲ್ಲ ದೊರೆಯ ಮುಂದೆ ಕೊಚ್ಚಿಕೊಂಡವನು ಇದ್ದಕ್ಕಿದ್ದಂತೆ ‘ಸ್ವೇಯ್‌ರಾನ್’ ಎನ್ನುತ್ತಾನೆ: ಹಾಗಿದ್ದರೂ, ಗಂಟುಬಿದ್ದ ಜಾಗ ಎದುರಾದಾಗಲೆಲ್ಲ ತನಗೆ ಕಷ್ಟ ಕಾಣಿಸುತ್ತದೆ, ಕೈ ನಿಧಾನವಾಗುತ್ತದೆ. ಕೀಲಿನ ಮಾತಾಡುತ್ತಲೇ ಮಾತಿನ ಕೀಲನ್ನು ತಿರುಗಿಸಿದ ಜಾಗ ಇದು.

ಇಂಗ್ಲಿಷಿಗೆ ಜೋಡಿ ಕಂಡರೆ ಆಗದು ಎಂಬುದೂ ಅರ್ಧ ಸುಳ್ಳು. 1611ರ ಬೈಬಲ್ ಅನುವಾದದಲ್ಲಿ ಯೋಬ ಆಡುವ ಮಾತು ‘ದೋ ಹಿ ಸ್ಲೇ ಮಿ, ಯೆಟ್ ವಿಲ್ ಐ ಟ್ರಸ್ಟ್ ಇನ್ ಹಿಮ್’ ಎಂದಿದೆ. ದೇವರು ನನ್ನನ್ನು ಕೊಂದರೂ ಅವನನ್ನೇ ನಂಬುತ್ತೇನೆ ಎಂದು. ನಮ್ಮಲ್ಲೂ ‘ದೋ–ಯೆಟ್’ ಎಂದು ಜೋಡಿಯಾಗಿಯೇ ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ‘ಯೆಟ್’, ‘ಸ್ಟಿಲ್’ ಕ್ರಿಯಾವಿಶೇಷಣಗಳಾಗಿ ನಿಲ್ಲಬಲ್ಲವು. ಆಗ ಅವು ವಾಕ್ಯಗಳನ್ನು ಕಟ್ಟುವುದಿಲ್ಲ, ಬರೀ ಒತ್ತು ಕೊಡುತ್ತವೆ. ಅದಕ್ಕೇ ಅವಕ್ಕೆ ಒಳಗೆ ಪ್ರವೇಶ. ಜೋಡಿಯ ಅಭ್ಯಾಸ ಬಿಡಲಾರದ ಚೀನೀ ವಿದ್ಯಾರ್ಥಿಗೆ ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಸಂಕಟ ತೀರುತ್ತದೆ.

ವ್ಯಾಕರಣ ನೋಡಿ ಬುದ್ಧಿ ಅಳೆಯುವ ಚಟ ವಿದ್ವಾಂಸರನ್ನೂ ಬಿಟ್ಟಿಲ್ಲ. 1981ರಲ್ಲಿ ಆಲ್ಫ್ರೆಡ್ ಬ್ಲೂಮ್ ಎಂಬ ಸಂಶೋಧಕರು, ‘ಹೀಗಾಗಿದ್ದಿದ್ದರೆ ಹಾಗಾಗುತ್ತಿತ್ತು’ ಎಂಬಂಥ ಕ್ರಿಯಾರೂಪ ಚೀನೀ ಭಾಷೆಯಲ್ಲಿ ಇಲ್ಲವಾದ್ದರಿಂದ ಆ ಭಾಷಿಕರಿಗೆ ಅಂಥ ಯೋಚನೆಯೂ ಸಲೀಸಲ್ಲ ಎಂದು ವಾದಿಸಿದರು. 1983ರಲ್ಲಿ ಟೆರ‍್ರಿ ಔ ಎಂಬ ಇನ್ನೊಬ್ಬ ಸಂಶೋಧಕರು ಅಂಥ ಯೋಚನೆ ಬೇಡುವ ಕತೆಗಳನ್ನು ಸಹಜವಾದ ಚೀನೀ ನುಡಿಗಟ್ಟಿನಲ್ಲಿ ಕೊಟ್ಟು ನೋಡಿದರು. ಓದಿದವರಿಗೆ ಅರ್ಥವಾಗಲು ಏನೂ ತೊಡಕಾಗಲಿಲ್ಲ.

‘ಬಟ್’ ಎಂಬ ಪುಟ್ಟ ಪದದ ಜಾತಕವೂ ಸ್ವಾರಸ್ಯದ್ದೇ. ಮೂಲದಲ್ಲಿ ಅದರ ಅರ್ಥ ‘ಹೊರಗೆ’. ಹೊರಗಿಟ್ಟಿದ್ದು ‘ಹೊರತು’ ಆಯಿತು, ಅಲ್ಲಿಂದ ‘ಆದರೆ’ ಆಯಿತು. ಹಳೆಯ ಶೈಲಿಯಲ್ಲಿ ‘ಕೇವಲ’ ಎಂಬ ಅರ್ಥವೂ ಉಂಟು. ಚೀನೀಯರ ‘ದಾನ್’ ಕೂಡ ಹಿಂದೆ ‘ಕೇವಲ’ ಎಂಬ ಅರ್ಥದಲ್ಲೇ ಬಳಕೆಯಲ್ಲಿತ್ತು. ನಾವಾದರೂ ಏನು ಕಡಿಮೆ? ‘ಎಲ್ಲರೂ ಬಂದರು, ಅವನು ಮಾತ್ರ ಬರಲಿಲ್ಲ’ ಎನ್ನುವಾಗ ‘ಮಾತ್ರ’ ಮಾಡುತ್ತಿರುವ ಕೆಲಸ ಯಾವುದು?

ಉಳಿದ ತಪ್ಪುಗಳು ಹೆಚ್ಚಾಗಿ ದ್ವಿಭಾಷಾ ನಿಘಂಟಿನ ಪಾಪ. ‘ಜಿನ್‌ಗ್ವಾನ್’ ಪದದ ಎದುರಿಗೆ ‘ಆಲ್‌ದೋ’, ‘ಡಿಸ್ಪೈಟ್’ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ‘ಡಿಸ್ಪೈಟ್’ ಮುಂದೆ ನಾಮಪದ ಬರಬೇಕು, ಪೂರ್ಣ ವಾಕ್ಯ ಕೂಡದು ಎಂದು ಕಲಿಯುವವನಿಗೆ ಕನಸು ಬೀಳುತ್ತದೆಯೇ? ‘ಹೌಎವರ್’ ಕೂಡ ‘ದಾನ್‌ಶಿ’ಯ ಅರ್ಥವೆಂದೇ ಕಲಿತವನು ಎರಡು ಪೂರ್ಣ ವಾಕ್ಯಗಳ ನಡುವೆ ಅಲ್ಪವಿರಾಮವಿಟ್ಟು ಅದನ್ನು ಕೂರಿಸುತ್ತಾನೆ. ಚೀನೀ ಬರಹದಲ್ಲಿ ಅಲ್ಪವಿರಾಮಕ್ಕೆ ಅಷ್ಟು ಸಲಿಗೆ ಇದೆ. ಪಾಶ್ಚಾತ್ಯ ಮಾದರಿಯ ಈ ಚಿಹ್ನೆಗಳು ಅಲ್ಲಿ ಅಧಿಕೃತವಾಗಿದ್ದೇ 1920ರಲ್ಲಿ. ಬಂದವು ತಮ್ಮ ಹಳೆಯ ಕಟ್ಟುಪಾಡುಗಳನ್ನು ಹೊತ್ತು ಬರಲಿಲ್ಲ. ಇನ್ನು ‘ಆನ್ ದ ಕಾಂಟ್ರರಿ’. ಎದುರಿನವನು ಹೇಳಿದ್ದು ಸುಳ್ಳು ಎನ್ನಲು ಇರುವ ಈ ಮಾತನ್ನು ‘ಶಿಯಾಂಗ್‌ಫಾನ್’ (ವಿರುದ್ಧವಾಗಿ) ಎಂದು ಕಲಿತವರು ಬರೀ ಹೋಲಿಕೆಗೆ ಬಳಸುತ್ತಾರೆ: ಬೀಜಿಂಗ್‌ನಲ್ಲಿ ಚಳಿ, ‘ಆನ್ ದ ಕಾಂಟ್ರರಿ’ ಗ್ವಾಂಗ್‌ಜೌನಲ್ಲಿ ಸೆಕೆ! ಇಬ್ಬರ ನಡುವೆ ಜಗಳವೇ ಇಲ್ಲ, ಪಂಚಾಯಿತಿ ಮಾತ್ರ ಸೇರಿದೆ.

ಈಗ ಆ ಮಳೆಯ ವಾಕ್ಯಕ್ಕೇ ಬರೋಣ. ಮೇಷ್ಟರು ಯಾವ ಪದ ಹೊಡೆಯಬೇಕು? ಯಾವುದಾದರೂ ಒಂದು ಎನ್ನುವುದು ರೂಢಿಯ ಉತ್ತರ. ‘ಆಲ್‌ದೋ’ ಹೊಡೆದರೆ ಮಳೆ ತಾನೇ ತಾನಾಗಿ ಸುರಿಯುತ್ತದೆ. ಹೊರಟರು ಎಂಬುದು ಆಮೇಲೆ ಅಚ್ಚರಿಯಾಗಿ ಬರುತ್ತದೆ. ‘ಬಟ್’ ಹೊಡೆದರೆ ಮಳೆ ಮೊದಲ ಹನಿಯಿಂದಲೇ ಸೋತಿರುತ್ತದೆ. ಚೀನೀ ಕಿವಿ ಕಾಯುವುದು ಎರಡನೆಯ ಪದಕ್ಕೆ. ಹಾಗಾಗಿ ‘ಬಟ್’ ಮೇಲೆ ಗೆರೆ ಬಿದ್ದಾಗ ಹುಡುಗಿ ತಿದ್ದಿದ ವಾಕ್ಯವನ್ನು ಮೆಲ್ಲಗೆ ಓದಿಕೊಂಡು, ಅಲ್ಪವಿರಾಮದ ಬಳಿ ಬಂದು ಒಂದು ಗಳಿಗೆ ತಡೆಯುತ್ತಾಳೆ.