ಕ್ಯೂಓಎಸ್ ಆನ್ ಆಗಿದೆ ಸರಿ, ಕೆಲಸ ಮಾಡುತ್ತಿದೆಯಾ?

ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಮಾಡಿಕೊಡುವ ನನಗೆ ಬರುವ ಫೋನುಗಳಲ್ಲಿ ಕ್ಯೂಓಎಸ್ (ಕ್ವಾಲಿಟಿ ಆಫ್ ಸರ್ವಿಸ್, ಅಂದರೆ ಯಾವ ಡೇಟಾಗೆ ಆದ್ಯತೆ ಅಂತ ಹೇಳುವ ಸೆಟಿಂಗ್) ಬಗ್ಗೆ ಇದೇ ದೂರು ಜಾಸ್ತಿ. "ಸರ್, 100 ಎಂಬಿಪಿಎಸ್ ಲೈನ್ ಇದೆ, ರೌಟರ್‌ನಲ್ಲಿ ಕ್ಯೂಓಎಸ್ ಕೂಡ ಆನ್ ಮಾಡಿದ್ದೀವಿ, ಆದ್ರೂ ಮೀಟಿಂಗ್‌ನಲ್ಲಿ ಮಾತು ಕಟ್ ಆಗುತ್ತೆ." ಪರೀಕ್ಷೆ ಮಾಡಿದ್ರಾ ಅಂತ ಕೇಳಿದರೆ ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್ ಕಳಿಸುತ್ತಾರೆ.

ಅದರಿಂದ ಏನೂ ಗೊತ್ತಾಗುವುದಿಲ್ಲ. ಕ್ಯೂಓಎಸ್ ಸ್ಪೀಡ್ ಹೆಚ್ಚಿಸುವುದಿಲ್ಲ. ಲೈನ್ ತುಂಬಿದಾಗ ಯಾವ ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಮೊದಲು ಹೋಗಬೇಕು ಅಂತ ನೋಡಿಕೊಳ್ಳುತ್ತದೆ, ಅಷ್ಟೇ. ನಡುರಾತ್ರಿ ಖಾಲಿ ಟೋಲ್ ಗೇಟಿನಲ್ಲಿ ಯಾವ ಲೇನಿಗೆ ಹೋದರೂ ಒಂದೇ ಅಲ್ವಾ? ಹಾಗಾಗಿ ಪರೀಕ್ಷೆಗೆ ಮೊದಲು ಲೈನನ್ನು ಜಾಮ್ ಮಾಡಬೇಕು. ಅದೂ ಅಪ್‌ಲೋಡ್ ಕಡೆ, ಯಾಕೆಂದರೆ ನಿಮ್ಮ ರೌಟರ್ ಕೈಯಲ್ಲಿ ನೇರವಾಗಿ ಇರುವುದು ಹೊರಗೆ ಹೋಗುವ ಸಾಲು ಮಾತ್ರ.

ನಾನು ಮಾಡುವುದು ಹೀಗೆ. ಕೇಬಲ್ ಹಾಕಿದ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎರಡು ಟರ್ಮಿನಲ್ ತೆರೆಯುತ್ತೇನೆ. ಒಂದರಲ್ಲಿ ಸಾದಾ ಪಿಂಗ್, ಅಂದರೆ ಇಂಟರ್ನೆಟ್‌ನಲ್ಲಿರುವ ಒಂದು ಸರ್ವರ್‌ಗೆ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆಯುವ ಕಮಾಂಡ್. ಇನ್ನೊಂದರಲ್ಲಿ ದೊಡ್ಡಕ್ಷರದ ಕ್ಯೂ ಆಪ್ಷನ್‌ಗೆ (-Q) 184 ಕೊಟ್ಟ ಪಿಂಗ್. ಧ್ವನಿಗೆ ಸಾಮಾನ್ಯವಾಗಿ ಹಾಕುವ ಡಿಎಸ್‌ಸಿಪಿ ಗುರುತು (ಪ್ಯಾಕೆಟ್ ಮೇಲೆ ಬರೆಯುವ ಆದ್ಯತೆಯ ಸಂಖ್ಯೆ) 46, ಪಿಂಗ್ ಕೇಳುವುದು ಇಡೀ ಬೈಟ್, ಗುರುತು ಅದರ ಮೊದಲ ಆರು ಬಿಟ್ ಮಾತ್ರ, ಆದ್ದರಿಂದ 4ರಿಂದ ಗುಣಿಸಿ 184. ಎರಡೂ ಓಡುತ್ತಿರುವಾಗ ಇನ್ನೊಂದು ಕಂಪ್ಯೂಟರಿನಿಂದ ಕೆಲವು ಜಿಬಿಯ ಫೈಲನ್ನು ಆನ್‌ಲೈನ್ ಡ್ರೈವ್‌ಗೆ ಹಾಕಲು ಬಿಡಿ, ಸುಮ್ನೆ ನೋಡುತ್ತಾ ಕೂತುಕೊಳ್ಳಿ.

ಸಾದಾ ಪಿಂಗ್ ಏರಿ, 184ರ ಪಿಂಗ್ ಇದ್ದಲ್ಲೇ ಇದ್ದರೆ ಆದ್ಯತೆ ಕೆಲಸ ಮಾಡುತ್ತಿದೆ. ಎರಡೂ ಏರದಿದ್ದರೆ ಇನ್ನೂ ಒಳ್ಳೆಯದು, ನಿಮ್ಮ ರೌಟರ್‌ನಲ್ಲಿ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಕೇಕ್ ಅಥವಾ ಎಫ್‌ಕ್ಯೂ-ಕೋಡೆಲ್ ತರಹದ್ದು ಇರಬಹುದು (ಅಥವಾ ಲೈನ್ ತುಂಬಿಯೇ ಇಲ್ಲ, ಅದನ್ನೂ ನೋಡಿಕೊಳ್ಳಿ). ಎರಡೂ ಒಟ್ಟಿಗೆ 300 ಮಿಲಿಸೆಕೆಂಡ್‌ಗೆ ಹಾರಿದರೆ ಆ ಬಟನ್ ಬರೀ ಅಲಂಕಾರಕ್ಕೆ.

ಹಾಗಾದಾಗ ನಾನು ಮೊದಲು ನೋಡುವುದು ಅಪ್‌ಲೋಡ್ ಮಿತಿ. ರೌಟರ್‌ನಲ್ಲಿ 100 ಅಂತ ಬರೆದು, ನಿಜವಾಗಿ ಹೋಗುವುದು 80 ಇದ್ದರೆ, ಸಾಲು ರೌಟರ್‌ನಲ್ಲಿ ನಿಲ್ಲುವುದೇ ಇಲ್ಲ. ಮುಂದಿನ ಮೋಡೆಮ್‌ನಲ್ಲೋ ಓಎನ್‌ಟಿಯಲ್ಲೋ (ಫೈಬರ್ ಲೈನಿನ ಪೆಟ್ಟಿಗೆ) ನಿಲ್ಲುತ್ತದೆ, ಅಲ್ಲಿ ನಿಮ್ಮ ನಿಯಮ ನಡೆಯುವುದಿಲ್ಲ. ಅಳೆದ ವೇಗದ ಶೇ. 90ರಿಂದ 95ಕ್ಕೆ ಮಿತಿ ಹಾಕಿ. ಸ್ವಲ್ಪ ಸ್ಪೀಡ್ ಹೋಗುತ್ತದೆ, ಹೋಗಲಿ. ಇನ್ನೊಂದು ಶತ್ರು ಹಾರ್ಡ್‌ವೇರ್ ಆಫ್‌ಲೋಡ್, ಅಂದರೆ ಪ್ಯಾಕೆಟ್ ಸಾಗಿಸುವ ಕೆಲಸವನ್ನು ನೇರ ಚಿಪ್‌ಗೇ ಬಿಡುವ ಸೆಟಿಂಗ್. ಅದು ಆನ್ ಇದ್ದರೆ ಎಷ್ಟೋ ರೌಟರ್‌ಗಳಲ್ಲಿ ಪ್ಯಾಕೆಟ್ ಕ್ಯೂಓಎಸ್ ಹತ್ತಿರ ಸುಳಿಯದೆ ಅಡ್ಡದಾರಿಯಲ್ಲಿ ಹೋಗಿಬಿಡುತ್ತದೆ.

ಪಿಂಗ್ ಪಾಸಾದರೂ ಕಾಲ್ ಪಾಸಾಯಿತು ಅಂತಲ್ಲ. ಆಪ್ ನಿಜವಾಗಿ ಗುರುತು ಹಾಕುತ್ತಿದೆಯಾ? ಟೀಮ್ಸ್‌ಗೆ ಮೈಕ್ರೋಸಾಫ್ಟ್ ಹೇಳುವುದು ಧ್ವನಿಗೆ 46, ವಿಡಿಯೋಗೆ 34, ಸ್ಕ್ರೀನ್ ಶೇರ್‌ಗೆ 18. ಝೂಮ್‌ನಲ್ಲಿ ಅಡ್ಮಿನ್ ಬದಲಾಯಿಸದಿದ್ದರೆ ಧ್ವನಿಗೆ 56, ವಿಡಿಯೋಗೆ 40. ಬರೀ 46 ಹುಡುಕುವ ನಿಯಮ ಬರೆದು ಝೂಮ್ ಸರಿಯಾಗಲಿಲ್ಲ ಅಂದರೆ ಹೇಗೆ? ಗುರುತನ್ನು ಲ್ಯಾಪ್‌ಟಾಪಿನ ವೈರ್‌ಶಾರ್ಕ್‌ನಲ್ಲಿ (ಪ್ಯಾಕೆಟ್ ಬಿಚ್ಚಿ ತೋರಿಸುವ ಪ್ರೋಗ್ರಾಂ) ನೋಡಿದರೆ ಸಾಲದು, ರೌಟರ್‌ನ ವ್ಯಾನ್ ಪೋರ್ಟ್‌ನಲ್ಲಿ (ಇಂಟರ್ನೆಟ್ ಕಡೆಯದು) ಅಂಥದ್ದೇ ಟಿಸಿಪಿಡಂಪ್ ಹಾಕಿ ನೋಡಿ. ಮಧ್ಯದ ಸ್ವಿಚ್‌ನಲ್ಲಿ ಟ್ರಸ್ಟ್ (ಬಂದ ಗುರುತನ್ನು ನಂಬು ಅನ್ನುವ ಸೆಟಿಂಗ್) ಸೆಟ್ ಆಗಿರದಿದ್ದರೆ ಆ ಸ್ವಿಚ್ಚೇ ಗುರುತನ್ನು ಸೊನ್ನೆ ಮಾಡಿಬಿಡಬಹುದು.

ವೈಫೈನಲ್ಲಿ ಇನ್ನೊಂದು ತಮಾಷೆ ಇದೆ. ವೈಫೈನ ಆದ್ಯತೆ ವ್ಯವಸ್ಥೆಯಾದ ಡಬ್ಲ್ಯುಎಂಎಂನಲ್ಲಿ ನಾಲ್ಕು ಸಾಲು. ಹಳೆಯ ಲೆಕ್ಕದಲ್ಲಿ 46ರ ಮೊದಲ ಮೂರು ಬಿಟ್ ತೆಗೆದುಕೊಂಡರೆ 5 ಬರುತ್ತದೆ, ಅಂದರೆ ಧ್ವನಿ ಹೋಗಿ ವಿಡಿಯೋ ಸಾಲಿನಲ್ಲಿ ನಿಲ್ಲುತ್ತದೆ! 2018ರ ಆರ್‌ಎಫ್‌ಸಿ 8325 (ಇಂಟರ್ನೆಟ್ ಮಾನದಂಡದ ದಾಖಲೆ) ಇದನ್ನು 6ಕ್ಕೆ, ಅಂದರೆ ಧ್ವನಿಯ ಸಾಲಿಗೆ, ಸರಿಪಡಿಸಿದೆ, ನಿಮ್ಮ ಆಕ್ಸೆಸ್ ಪಾಯಿಂಟ್ ಅದನ್ನು ಪಾಲಿಸುತ್ತಿದೆಯಾ ಎಂದು ಸೆಟಿಂಗ್‌ನಲ್ಲಿ ನೋಡಿ.

ಕೊನೆಗೆ ನಿಜವಾದ ಕಾಲ್ ಮಾಡಿ, ಅದೇ ಅಪ್‌ಲೋಡ್ ಓಡಿಸಿ, ಕಾಲ್‌ನ ಅಂಕಿಅಂಶ ಪುಟ ತೆರೆಯಿರಿ. ಪ್ಯಾಕೆಟ್ ನಷ್ಟ ಶೇ. 1ರೊಳಗೆ, ಜಿಟ್ಟರ್ (ಪ್ಯಾಕೆಟ್ ಬರುವ ಹೊತ್ತಿನ ಏರುಪೇರು) 30 ಮಿಲಿಸೆಕೆಂಡ್ ಒಳಗೆ ಇದ್ದರೆ ನಾನು ಬಿಲ್ ಬರೆಯುತ್ತೇನೆ. ಅಪ್‌ಲೋಡ್ ನಿಲ್ಲಿಸಿದ ಮೇಲೂ ಕೆಟ್ಟದಾಗಿದ್ದರೆ, ಕೇಬಲ್‌ನಲ್ಲೇ ಕೂತು ರೌಟರ್ ಆಚೆಯ ಮೊದಲ ಹಾಪ್‌ಗೆ (ದಾರಿಯ ಮುಂದಿನ ನಿಲ್ದಾಣ) ಪಿಂಗ್ ಹಾಕಿ. ಅಲ್ಲೂ ಏರಿಳಿತ ಕಂಡರೆ ಆ ಲಾಗ್ ಐಎಸ್‌ಪಿಗೆ (ಇಂಟರ್ನೆಟ್ ಕೊಡುವ ಕಂಪನಿಗೆ) ಕಳಿಸಿ. ನೀವು ಹಾಕಿದ ಗುರುತಿಗೆ ಸಾಮಾನ್ಯವಾಗಿ ಅವರ ಕಡೆ ಬೆಲೆಯಿಲ್ಲ, ಇಲ್ಲಿ ರೌಟರ್ ತಿರುವಿ ಪ್ರಯೋಜನವಿಲ್ಲ.