ನೀರು ಮೈಗೆ ತಾಗುವಲ್ಲಿ

ಸೊಂಟಮಟ್ಟದ ಹೊಳೆನೀರಿನಲ್ಲಿ ನಿಂತು ಅರ್ಘ್ಯ ಬಿಡುವ ವ್ಯಕ್ತಿಯನ್ನು ತೈಲವರ್ಣದಲ್ಲಿ ಬರೆದವರ ಕ್ಯಾನ್ವಾಸಿನಲ್ಲಿ ನೀರೂ ಚೆನ್ನ, ಮನುಷ್ಯನೂ ಚೆನ್ನ. ಆದರೂ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ತಪ್ಪು ಬಹುಪಾಲು ನೀರು ಮೈಗೆ ತಾಗುವ ಜಾಗದಲ್ಲೇ ಇರುತ್ತದೆ.

ನೀರೆಂದ ಕೂಡಲೇ ನೀಲಿ ಟ್ಯೂಬಿಗೆ ಕೈಹಾಕಬೇಡಿ. ನೇರ ಕೆಳಕ್ಕೆ ನೋಡಿದಾಗ ನೀರು ಪ್ರತಿಫಲಿಸುವ ಬೆಳಕು ಶೇ 2ರಷ್ಟು ಮಾತ್ರ. ಹಾಗಾಗಿ ಹತ್ತಿರದಲ್ಲಿ ತಳದ ಮರಳು ಕಾಣುತ್ತದೆ. ದೂರ ಹೋದಂತೆ ನೋಟ ಓರೆಯಾಗಿ ಆಕಾಶದ ಪ್ರತಿಫಲನವೇ ಹೆಚ್ಚಾಗುತ್ತದೆ. ಚಿತ್ರದ ಕೆಳಭಾಗಕ್ಕೆ ರಾ ಸಿಯೆನಾ (ಹಳದಿಗಂದು) ಬಣ್ಣದಲ್ಲಿ ಚೂರು ವಿರಿಡಿಯನ್ (ನೀಲಿ ಛಾಯೆಯ ಹಸಿರು) ಬೆರೆಸಿ, ಮೇಲಕ್ಕೆ ಆಕಾಶದ ಬಣ್ಣ. ಮಳೆಗಾಲದ ಕಾವೇರಿಯಾದರೆ ಲೆಕ್ಕ ಬೇರೆ: ತಳ ಕಾಣುವುದಿಲ್ಲ, ತಿಳಿನೀರಿನ ಮೇಲೆ ಎದ್ದು ಕಾಣದ ನೆರಳು ಆ ಕೆನ್ನೀರಿನ ಮೇಲೆ ಸ್ಪಷ್ಟವಾಗಿ ಬೀಳುತ್ತದೆ.

ಸೊಂಟದ ಸುತ್ತಲಿನ ನೀರಿನ ಅಂಚು ನೇರ ಗೆರೆಯಲ್ಲ, ಚಪ್ಪಟೆ ದೀರ್ಘವೃತ್ತ. ಅಲ್ಲಿ ನೀರು ಚರ್ಮಕ್ಕೆ ಕೂದಲೆಳೆಯಷ್ಟು ಏರಿರುತ್ತದೆ. ಅದಕ್ಕೊಂದು ಸಣ್ಣ ಕಪ್ಪು ಗೆರೆ, ಪಕ್ಕದಲ್ಲೇ ಬೆಳಕಿನ ಎಳೆ. ಎರಡನ್ನೂ ಅಲ್ಲಲ್ಲಿ ಕಡಿದು ಬಿಡಿ. ಅದರ ಮೇಲಿನ ಒದ್ದೆ ಪಂಚೆಗೆ ಒಣ ಬಟ್ಟೆಗಿಂತ ಒಂದು ಟೋನ್ ಗಾಢ ಬಣ್ಣ. ಮೈಗಂಟಿದ ಕಡೆ ಚರ್ಮದ ಬಣ್ಣ ಇಣುಕಬೇಕು.

ಮುಳುಗಿದ ಕಾಲು ಮೇಲಿನಿಂದ ನೋಡಿದಾಗ ಗಿಡ್ಡವಾಗಿ, ನೀರಿನ ಅಂಚಿನಲ್ಲಿ ಮುರಿದಂತೆ ಕಾಣುತ್ತದೆ. ಮೂಳೆ ಅಳತೆ ಹಿಡಿದು ಬರೆದರೆ ಉದ್ದವಾದೀತು. ಕಾಲನ್ನು ಮೊದಲು ನೆರಳು-ಬೆಳಕಿನ ಅಂತರ ತಗ್ಗಿಸಿ ಬರೆಯಿರಿ, ಮುಟ್ಟಿದರೆ ಅಂಟದಷ್ಟು ಒಣಗಲಿ. ವಾರ ಹಿಡಿದರೂ ಸರಿ. ಆಮೇಲೆ ಅಗಸೆ ಎಣ್ಣೆ ಸೇರಿಸಿದ ನೀರಿನ ಬಣ್ಣದ ತೆಳು ಗ್ಲೇಜ್, ಅಂದರೆ ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಪದರ. ಹಸಿಯಲ್ಲೇ ಎಳೆದರೆ ಚರ್ಮದ ಬಣ್ಣ ಕಲಸಿ ಕೆಸರಾಗುತ್ತದೆ. ಕೊನೆಗೆ ಆಕಾಶದ ಬಣ್ಣದ ಎರಡು ಮೂರು ಅಡ್ಡ ಅಲೆಗಳು ತೊಡೆಯ ಮೇಲೆಯೇ ಹಾಯಬೇಕು. ಈ ಎಳೆತಗಳನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಇವಿಲ್ಲದೆ ಕಾಲು ನೀರೊಳಗೆ ಇಳಿಯುವುದಿಲ್ಲ.

ಪ್ರತಿಬಿಂಬ ಮೇಲಿನದರ ತಲೆಕೆಳಗಾದ ನಕಲಲ್ಲ. ಅದು ಕೆಳಗಿನಿಂದ ಕಂಡ ನೋಟ: ಗದ್ದದ ಅಡಿ, ಬೊಗಸೆಯ ತಳ ಅದರಲ್ಲಿ ಕಾಣುತ್ತವೆ. ಬಿಳಿ ಪಂಚೆ ಅಲ್ಲಿ ತುಸು ಮಬ್ಬು, ಕಪ್ಪು ಕೂದಲು ತುಸು ತಿಳಿ.

ಬೊಗಸೆಯಿಂದ ಬೀಳುವ ಧಾರೆಗೆ ಬಿಳಿ ಗೆರೆ ಎಳೆಯಬೇಡಿ. ಮೇಲೆ ಅದು ಪಾರದರ್ಶಕ, ಹಿಂದಿನ ಬಣ್ಣವೇ ಅದರ ಬಣ್ಣ. ಕೆಳಗೆ ಹನಿಯಾಗಿ ಒಡೆಯುತ್ತದೆ. ಚೂರು ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿದ ಟೈಟಾನಿಯಂ ವೈಟನ್ನು ಎಲ್ಲ ಮುಗಿದ ಮೇಲೆ ಬೆರಳೆಣಿಕೆಯಷ್ಟು ಹನಿಗಳಿಗೆ ದಪ್ಪನಾಗಿ ಇಡಿ. ಧಾರೆ ಬಿದ್ದಲ್ಲಿ ಏಳುವ ಅಲೆಯುಂಗುರಗಳು ಹೊಳೆಯ ಸೆಳವಿನ ಜೊತೆ ಸರಿಯುತ್ತವೆ. ಎಲ್ಲ ಉಂಗುರಕ್ಕೂ ಧಾರೆಯ ಕೆಳಗೇ ಕೇಂದ್ರ ಇಟ್ಟರೆ ಹೊಳೆ ಕೆರೆಯಂತೆ ಕಾಣುತ್ತದೆ.